ನಡುವಿನ ಕಂತು ಎಲ್ಲಿ ಹೋಯಿತು?

ಐದನೇ ಇಯತ್ತೆಯಲ್ಲಿದ್ದಾಗ ಪಕ್ಕದಲ್ಲಿ ಕೂಡುತ್ತಿದ್ದ ಹುಡುಗನ ಲೆಕ್ಕದ ನೋಟ್‌ಬುಕ್ಕಿನ ಕವರ್ ಕಿತ್ತಿದ್ದಕ್ಕೆ ನಾನು ಮಾಸ್ತರರ ಕೈಯಲ್ಲಿ ಏಟು ತಿಂದಿದ್ದೆ. ಆ ಹುಡುಗನ ಮೇಲೆ ನನಗೆ ಸಿಟ್ಟೇನೂ ಇರಲಿಲ್ಲ. ಅವನ ಅವ್ವ ಹಳೆಯ ‘ಸುಧಾ’ ವಾರಪತ್ರಿಕೆಯ ಹಾಳೆಯಿಂದ ಕವರ್ ಹಾಕಿದ್ದಳು. ಆ ಹಾಳೆಯ ಮೇಲೆ ಫ್ಯಾಂಟಮ್ ಕಥೆಯ ಚೌಕಗಳಿದ್ದವು. ಸಮುದ್ರದ ದಂಡೆಯಲ್ಲಿ ಒಬ್ಬ ಯುವಕ ಬಿದ್ದಿದ್ದಾನೆ, ಸುತ್ತ ಕುಳ್ಳ ಜನ ನಿಂತಿದ್ದಾರೆ. ನಾನು ಮತ್ತು ಅಣ್ಣ ಮೂರು ತಿಂಗಳಿಂದ ಹುಡುಕುತ್ತಿದ್ದ ಕಂತು ಅದೇ ಆಗಿತ್ತು.

ಹತ್ತು ಗೋಟಿ ಕೊಡುತ್ತೇನೆ ಅಂದೆ, ಅವನು ಒಪ್ಪಲಿಲ್ಲ. ಊಟದ ಬಿಡುವಿನಲ್ಲಿ ಮೆಲ್ಲಗೆ ಬಿಚ್ಚಲು ಹೋದೆ. ಒಳಗೆ ಮಡಚಿದ ಭಾಗವನ್ನು ಅವನವ್ವ ಗಂಜಿ ಹಚ್ಚಿ ಅಂಟಿಸಿದ್ದಳು. ಅರ್ಧ ಹಾಳೆ ನನ್ನ ಕೈಗೆ ಬಂತು, ಉಳಿದರ್ಧ ರಟ್ಟಿನ ಮೇಲೆ ಉಳಿಯಿತು. ಕಥೆ ಮುಗಿಯುವ ಚೌಕಗಳು ಆ ಉಳಿದರ್ಧದಲ್ಲೇ ಇದ್ದವು.

ಇದು 1999ರ ಮಾತು. ಆಗ ಕಡಗಂಚಿ ಅಂದರೆ ಕಲಬುರಗಿಯಿಂದ ಆಳಂದಕ್ಕೆ ಹೋಗುವ ದಾರಿಯಲ್ಲಿ ಬಸ್ಸು ನಿಲ್ಲುವ ಒಂದು ಊರು. ಕೇಂದ್ರೀಯ ವಿಶ್ವವಿದ್ಯಾಲಯ ಹುಟ್ಟಿದ್ದು 2009ರಲ್ಲಿ. ಈಗ ಬೇರೆ ಬೇರೆ ರಾಜ್ಯದ ಹುಡುಗರು ನಮ್ಮೂರ ಹೆಸರನ್ನು ತಮಗೆ ಬಂದ ಹಾಗೆ ಹೇಳುತ್ತ ಬಸ್ ಇಳಿಯುತ್ತಾರೆ. ನಮ್ಮ ಕಾಲಕ್ಕೆ ಓದಲು ಸಿಗುತ್ತಿದ್ದದ್ದು ಶಾಲೆಯ ಪುಸ್ತಕ, ಗೋಡೆಯ ಮೇಲಿನ ಪೋಸ್ಟರ್ ಮತ್ತು ಕಿರಾಣಿ ಅಂಗಡಿಯ ಪೊಟ್ಟಣದ ಕಾಗದ. ಇವುಗಳ ಹೊರತಾಗಿ ನಮ್ಮ ಓಣಿಯ ನಿವೃತ್ತ ಮಾಸ್ತರರ ಮನೆಯಲ್ಲಿ ಒಂದು ತಗಡಿನ ಟ್ರಂಕು ಇತ್ತು. ಅದರ ತುಂಬ ಎಂಬತ್ತರ ದಶಕದ ‘ಸುಧಾ’ ಸಂಚಿಕೆಗಳು.

ಅಣ್ಣ ನನಗಿಂತ ಏಳು ವರ್ಷ ದೊಡ್ಡವನು. ಮಾಸ್ತರರ ಮನೆಗೆ ನೀರು ಹೊತ್ತು ಹಾಕಿದ ದಿನ ನಮಗೆ ಟ್ರಂಕು ತೆರೆಯಲು ಪರವಾನಗಿ ಸಿಗುತ್ತಿತ್ತು. ನಾವು ತೆಗೆದ ಕೂಡಲೇ ಫ್ಯಾಂಟಮ್ ಪುಟ ಹುಡುಕುತ್ತಿದ್ದೆವು. ವಾರಕ್ಕೆ ಕೆಲವೇ ಚೌಕಗಳು, ಕೊನೆಯ ಚೌಕದಲ್ಲಿ ಯಾವಾಗಲೂ ಏನೋ ಒಂದು ಅಪಾಯ. ಮುಂದಿನ ವಾರದ ಸಂಚಿಕೆ ತೆಗೆಯಬೇಕು ಅಂದರೆ ಅದೇ ಇರುತ್ತಿರಲಿಲ್ಲ. ಮಾಸ್ತರರ ಮನೆಯಮ್ಮ ಹಲಗೆಗೆ ಹಾಸಲು, ಹಪ್ಪಳ ಒಣಗಿಸಲು, ಓಣಿಯ ಹುಡುಗರ ಪುಸ್ತಕಕ್ಕೆ ಕವರ್ ಹಾಕಲು ಕೈಗೆ ಸಿಕ್ಕ ಸಂಚಿಕೆ ಕೊಟ್ಟುಬಿಡುತ್ತಿದ್ದರು. ಹಾಗಾಗಿ ನಮ್ಮ ಫ್ಯಾಂಟಮ್ ಒಂದು ವಾರ ಹಗ್ಗದಲ್ಲಿ ಕಟ್ಟಿಹಾಕಿಸಿಕೊಂಡಿದ್ದರೆ, ಮರುವಾರ ಗವಿಯಲ್ಲಿ ಸಿಂಹಾಸನದ ಮೇಲೆ ಕೂತಿರುತ್ತಿದ್ದ. ಬಿಡಿಸಿದವರು ಯಾರು, ಹೇಗೆ ಅಂತ ನಮಗೆ ಗೊತ್ತಾಗುತ್ತಿರಲಿಲ್ಲ.

ಆ ನಡುವಿನ ಕಂತನ್ನು ಅಣ್ಣ ತುಂಬುತ್ತಿದ್ದ. ರಾತ್ರಿ ಅಂಗಳದಲ್ಲಿ ಮಲಗಿದಾಗ “ಮುಂದ ಏನಾತಂದ್ರ ತಮ್ಮಾ...” ಅಂತ ಶುರು ಮಾಡುತ್ತಿದ್ದ. ಅವನ ಕಥೆಯಲ್ಲಿ ಫ್ಯಾಂಟಮ್‌ನ ಬಿಳಿ ಕುದುರೆ ಅಮರ್ಜಾ ಹೊಳೆಯಲ್ಲಿ ನೀರು ಕುಡಿಯುತ್ತಿತ್ತು. ಕುಳ್ಳರ ನಾಯಕ ಗುರಾನ್ ಜೋಳದ ರೊಟ್ಟಿ, ಶೇಂಗಾ ಹಿಂಡಿ ಕಟ್ಟಿಕೊಂಡು ಬರುತ್ತಿದ್ದ. ಕಾಡಿನ ಡೋಲು ನಮ್ಮೂರ ಜಾತ್ರೆಯ ಹಲಗೆಯ ಹಾಗೆ ಬಾರಿಸುತ್ತಿತ್ತು. ನನಗೆ ಅದರಲ್ಲಿ ಯಾವುದೂ ಸುಳ್ಳು ಅನ್ನಿಸಲಿಲ್ಲ.

ಫ್ಯಾಂಟಮ್ ಗೊತ್ತಿಲ್ಲದವರಿಗೆ ಸ್ವಲ್ಪ ಹೇಳುತ್ತೇನೆ. ಅಮೆರಿಕದ ಲೀ ಫಾಕ್ ಎಂಬುವರು 1936ರ ಫೆಬ್ರವರಿ 17ರಂದು ಪತ್ರಿಕೆಗಳಲ್ಲಿ ಶುರು ಮಾಡಿದ ಚಿತ್ರಕಥೆ ಅದು. ಸೂಪರ್‌ಮ್ಯಾನ್ ಬಂದದ್ದು ಅದಾದ ಎರಡು ವರ್ಷಕ್ಕೆ, 1938ರಲ್ಲಿ. ಫ್ಯಾಂಟಮ್‌ಗೆ ಹಾರಲು ಬರುವುದಿಲ್ಲ, ಮಾಯಾಶಕ್ತಿ ಇಲ್ಲ. ಅವನ ಬಲ ಇರುವುದು ಅವನ ಬಗ್ಗೆ ಜನ ನಂಬಿದ ಮಾತಿನಲ್ಲಿ. ಅವನಿಗೆ ಸಾವಿಲ್ಲ, ನಾನೂರು ವರ್ಷದಿಂದ ಅದೇ ಮನುಷ್ಯ ಕಾಡು ಕಾಯುತ್ತಿದ್ದಾನೆ ಅಂತ ಕಾಡಿನ ಜನ ನಂಬಿದ್ದಾರೆ. ನಿಜ ಏನೆಂದರೆ, ಅಪ್ಪ ಸತ್ತಾಗ ಮಗ ಅದೇ ಉಡುಪು, ಅದೇ ಮುಖವಾಡ ತೊಡುತ್ತಾನೆ. ನಾವು ಓದುವ ಫ್ಯಾಂಟಮ್ 21ನೆಯವನು.

ಈ ಕಥೆಯ ಬೇರು 1536ರಲ್ಲಿದೆ. ಕಡಲ್ಗಳ್ಳರು ಹಡಗಿನ ಮೇಲೆ ದಾಳಿ ಮಾಡಿ ಕಪ್ತಾನನನ್ನು ಕೊಲ್ಲುತ್ತಾರೆ. ಅವನ ಮಗನೊಬ್ಬನೇ ಬದುಕಿ ದಂಡೆಗೆ ಬಂದು ಬೀಳುತ್ತಾನೆ. ಬಂಡಾರ್ ಎಂಬ ಕುಳ್ಳ ಜನ ಅವನನ್ನು ಉಳಿಸುತ್ತಾರೆ. ಮುಂದೆ ಅವನು ಒಂದು ತಲೆಬುರುಡೆ ಹಿಡಿದು, ನಾನೂ ನನ್ನ ವಂಶವೂ ಕಡಲ್ಗಳ್ಳತನ, ಕ್ರೌರ್ಯ, ಅನ್ಯಾಯದ ವಿರುದ್ಧ ನಿಲ್ಲುತ್ತೇವೆ ಎಂದು ಆಣೆ ಮಾಡುತ್ತಾನೆ. ಅವನೇ ಮೊದಲನೇ ಫ್ಯಾಂಟಮ್.

ಒಂದನೆಯವನಿಂದ 21ನೆಯವನವರೆಗೆ ನಡುವೆ ನಾನೂರು ವರ್ಷದ ಖಾಲಿ ಜಾಗ ಇದೆಯಲ್ಲ, ಅದನ್ನು ತುಂಬಲು ಲೀ ಫಾಕ್ ಒಂದು ಉಪಾಯ ಮಾಡಿಟ್ಟಿದ್ದರು. ಪ್ರತಿಯೊಬ್ಬ ಫ್ಯಾಂಟಮ್ ತನ್ನ ಬದುಕಿನಲ್ಲಿ ನಡೆದದ್ದನ್ನು ದೊಡ್ಡ ಪುಸ್ತಕದಲ್ಲಿ ಬರೆದಿಡಬೇಕು. ಅವೆಲ್ಲ ಬುರುಡೆ ಗವಿಯ ಒಂದು ಕೋಣೆಯಲ್ಲಿ ಸಾಲಾಗಿ ಇರುತ್ತವೆ. ನಮ್ಮ ಕಡೆಯ ಭಾಷೆಯಲ್ಲಿ ಹೇಳಬೇಕೆಂದರೆ ಅದು ಮನೆತನದ ದಫ್ತರ. ಈಗಿನ ಕಥೆಯ ನಡುವೆ ಫ್ಯಾಂಟಮ್ ಆ ದಫ್ತರ ತೆಗೆದ ಅಂದರೆ, ಹಿಂದಿನ ಯಾವುದೋ ಅಜ್ಜನ ಕಥೆ ಬಂತು ಅಂತಲೇ ಲೆಕ್ಕ. ಲೀ ಫಾಕ್ 1999ರಲ್ಲಿ ತೀರಿಕೊಂಡರು. ಬೇರೆಯವರ ಕೈಯಲ್ಲಿ ಕಥೆ ಇವತ್ತಿಗೂ ನಡೆಯುತ್ತಿದೆ, ಆ ಖಾಲಿ ಜಾಗ ಇನ್ನೂ ಪೂರ್ತಿ ತುಂಬಿಲ್ಲ.

ನನ್ನ ಕೈಯಲ್ಲಿ ಹರಿದುಹೋದದ್ದು ಈ ಬುರುಡೆಯ ಕಂತೇ. ಯುವಕ ದಂಡೆಗೆ ಬಂದದ್ದು ಸಿಕ್ಕಿತು. ಮುಂದಿನ ಸಂಚಿಕೆಯಲ್ಲಿ ಅವನು ಬೆಂಕಿಯ ಬೆಳಕಿನಲ್ಲಿ ಬುರುಡೆ ಹಿಡಿದು ನಿಂತಿದ್ದ. ಬುರುಡೆ ಯಾರದು?

ಅಣ್ಣನನ್ನು ಕೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅವರಪ್ಪಂದು. ಅಪ್ಪನ ಮ್ಯಾಲ ಆಣಿ ಮಾಡ್ದ” ಅಂದ. ಅಪ್ಪನ ಹೆಣ ತೇಲಿಕೊಂಡು ಬಂತು, ಮಗ ಮಣ್ಣು ಮಾಡಿದ, ಬಹಳ ದಿನಗಳ ಮೇಲೆ ಬುರುಡೆ ತೆಗೆದು ಹಣೆಗೆ ಹಚ್ಚಿಕೊಂಡ ಅಂತ ಒಂದು ರಾತ್ರಿಯಿಡೀ ಹೇಳಿದ. ನಾನು ಅತ್ತುಬಿಟ್ಟೆ.

2003ರಲ್ಲಿ ಅಣ್ಣ ಪುಣೆಗೆ ಹೋದ. ಮೂರು ವರ್ಷ ಮಳೆ ಕೈಕೊಟ್ಟಿತ್ತು. ಓಣಿಯ ಅರ್ಧ ಹುಡುಗರು ಹೋಗಿದ್ದರು, ಇವನೂ ಗೌಂಡಿ ಕೆಲಸಕ್ಕೆ ಹೋದ. ಮೊದಮೊದಲು ಹಬ್ಬಕ್ಕೆ ಬರುತ್ತಿದ್ದ, ಅಲ್ಲೇ ಮದುವೆಯಾದ. 2012ರಲ್ಲಿ ಅಪ್ಪ ತೀರಿಕೊಂಡ ಮೇಲೆ ಮೂರು ಎಕರೆ ಹೊಲದ ವಿಷಯಕ್ಕೆ ನಮ್ಮಿಬ್ಬರಿಗೆ ಮಾತು ಬಂತು. ಏನೇನು ಅಂದೆವು ಅಂತ ಇಲ್ಲಿ ಬರೆಯುವುದು ಬೇಡ. ನಿಮ್ಮ ಮನೆಯಲ್ಲೂ ಅಂಥ ಮಾತು ಆಗಿರುತ್ತವೆ. ಅವನು ಅವತ್ತು ರಾತ್ರಿಯ ಬಸ್ಸಿಗೇ ಹೋದ. ಆಮೇಲೆ ಅವ್ವನಿಗೆ ಫೋನ್ ಮಾಡುತ್ತಿದ್ದ, ನಾನು ಎತ್ತಿದರೆ ಕಟ್ ಮಾಡುತ್ತಿದ್ದ.

ನಾನು ಪತ್ರಿಕೋದ್ಯಮದ ಡಿಪ್ಲೊಮಾ ಮಾಡಿ ಬಿಡಿ ವರದಿಗಾರನಾದೆ. ಪಗಾರ ಇಲ್ಲ, ಅಚ್ಚಾದ ಸುದ್ದಿಗೆ ದುಡ್ಡು. ಬೈಕಿನ ಪೆಟ್ರೋಲು ನಮ್ಮದೇ.

2018ರಲ್ಲಿ ಸಂಬಂಧಿಕರೊಬ್ಬರನ್ನು ನೋಡಲು ಹೈದರಾಬಾದಿಗೆ ಹೋಗಿದ್ದೆ. ಅಬಿಡ್ಸ್‌ನಲ್ಲಿ ಭಾನುವಾರ ಫುಟ್‌ಪಾತ್ ತುಂಬ ಹಳೆಯ ಪುಸ್ತಕ ಹಾಸುತ್ತಾರೆ. ಅಲ್ಲಿ ಎಂಬತ್ತು ರೂಪಾಯಿಗೆ ಒಂದು ‘ಇಂದ್ರಜಾಲ ಕಾಮಿಕ್ಸ್’ ಸಿಕ್ಕಿತು. ಇಂಗ್ಲಿಷಿನದು, ಮೇಲಿನ ರಕ್ಷಾಪುಟ ಇಲ್ಲ, ಪಿನ್ನು ತುಕ್ಕು ಹಿಡಿದಿತ್ತು.

ಇಂದ್ರಜಾಲ ಕಾಮಿಕ್ಸ್ ಅಂದರೆ ಪತ್ರಿಕೆಗಳಲ್ಲಿ ಕಂತು ಕಂತಾಗಿ ಬಂದ ಚಿತ್ರಕಥೆಗಳನ್ನು ಒಟ್ಟು ಸೇರಿಸಿ ಒಂದೇ ಪುಸ್ತಕದಲ್ಲಿ ಕೊಡುತ್ತಿದ್ದ ಮಾಲೆ. ಟೈಮ್ಸ್ ಆಫ್ ಇಂಡಿಯಾದ ಬೆನೆಟ್ ಕೋಲ್ಮನ್ ಕಂಪನಿ 1964ರ ಮಾರ್ಚ್‌ನಲ್ಲಿ ಶುರು ಮಾಡಿ 1990ರವರೆಗೆ ನಡೆಸಿತು. ಹಿಂದಿ, ಮರಾಠಿ, ಬಂಗಾಳಿ, ಕನ್ನಡ ಹೀಗೆ ಹಲವು ಭಾಷೆಗಳಲ್ಲಿ ಬಂತು. ಹಿಂದಿಯವರಿಗೆ ಫ್ಯಾಂಟಮ್ ‘ವೇತಾಳ’, ಬಂಗಾಳಿಯವರಿಗೆ ‘ಅರಣ್ಯದೇವ’. ಫ್ಯಾಂಟಮ್‌ನ ನಾಡಿನ ಹೆಸರು ನಮ್ಮ ಬಂಗಾಳದ ಹೆಸರಿನ ಹಾಗೆ ಕೇಳಿಸುತ್ತದೆ ಅಂತ ಅದನ್ನು ‘ಡೆಂಕಾಲಿ’ ಮಾಡಿದರು. ಕಡಲ್ಗಳ್ಳರ ಗುಂಪಿಗಿದ್ದ ‘ಸಿಂಗ್’ ಹೆಸರನ್ನು ‘ಸಿಂಗ’ ಅಂತ ಬದಲಿಸಿದರು. ಪುಟದ ಲೆಕ್ಕ ಹೊಂದಿಸಲು ಕೆಲವು ಚೌಕಗಳನ್ನು ಕತ್ತರಿಸಿದ್ದೂ ಉಂಟು. ಒಂದೆಡೆ ಸೇರಿಸುವ ಪುಸ್ತಕವೇ ಸಣ್ಣ ಸಣ್ಣ ಖಾಲಿ ಜಾಗ ಮಾಡುತ್ತಿತ್ತು ಅಂದಹಾಗಾಯಿತು.

ನನಗೆ ಸಿಕ್ಕ ಪುಸ್ತಕದಲ್ಲಿ ಮೂಲಕಥೆ ಇತ್ತು. ಹೈದರಾಬಾದಿನಿಂದ ಬರುವ ರೈಲಿನಲ್ಲಿ ಓದಿದೆ. ದಂಡೆಗೆ ಒಂದು ಹೆಣ ತೇಲಿಬರುತ್ತದೆ. ಮೈಮೇಲೆ ಅಪ್ಪನ ಬಟ್ಟೆ. ಮುಖ ಮಾತ್ರ ಅಪ್ಪನದಲ್ಲ. ಅದು ಅಪ್ಪನನ್ನು ಕೊಂದು ಅವನ ಬಟ್ಟೆ ತೊಟ್ಟಿದ್ದ ಕಡಲ್ಗಳ್ಳನ ಹೆಣ. ಬುರುಡೆ ಅವನದು. ಮೊದಲನೇ ಫ್ಯಾಂಟಮ್ ಆಣೆ ಮಾಡಿದ್ದು ಅಪ್ಪನನ್ನು ಕೊಂದವನ ಬುರುಡೆಯ ಮೇಲೆ.

ಹತ್ತೊಂಬತ್ತು ವರ್ಷ ನಾನು ತಪ್ಪು ತಿಳಿದುಕೊಂಡಿದ್ದೆ. ಮೊದಲು ಅಣ್ಣನಿಗೆ ಹೇಳಬೇಕು ಅನ್ನಿಸಿತು. ಫೋನ್ ತೆಗೆದೆ, ಮತ್ತೆ ಜೇಬಿನಲ್ಲಿ ಇಟ್ಟೆ.

ಆಮೇಲೆ ಈ ಕಾಮಿಕ್ಸ್ ಲೋಕದ ಬಗ್ಗೆ ಓದುವ ಹುಚ್ಚು ಹಿಡಿಯಿತು. ಎರಡು ಸಂಗತಿ ತಲೆಯಲ್ಲಿ ಉಳಿದವು.

ಮೊದಲನೆಯದು ಅಮರ ಚಿತ್ರಕಥೆಯದು. ಅದನ್ನು ಬೆಳೆಸಿದ ಅನಂತ ಪೈ ನಮ್ಮ ಕಾರ್ಕಳದಲ್ಲಿ ಹುಟ್ಟಿದವರು. ಇಂಗ್ಲಿಷ್ ಅಮರ ಚಿತ್ರಕಥೆಯ ಮೊದಲ ಪುಸ್ತಕ ‘ಕೃಷ್ಣ’. ಅದರ ಸಂಖ್ಯೆ ಮಾತ್ರ 11. ಹಾಗಾದರೆ ಒಂದರಿಂದ ಹತ್ತು ಎಲ್ಲಿ? ಅವು ಬಂದದ್ದು ಕನ್ನಡದಲ್ಲಿ! 1965ರಲ್ಲಿ ಬೆಂಗಳೂರಿನಲ್ಲಿ ಇಂಡಿಯಾ ಬುಕ್ ಹೌಸ್‌ನ ಜಿ.ಕೆ. ಅನಂತರಾಮ್ ಅವರು ಸಿಂಡರೆಲಾದಂಥ ಹೊರದೇಶದ ಮಕ್ಕಳ ಕಥೆಗಳನ್ನು ಕನ್ನಡದಲ್ಲಿ ತಂದಿದ್ದರು. ಇಂಗ್ಲಿಷಿನವರಿಗೆ ಖಾಲಿ ಕಾಣುವ ಜಾಗದಲ್ಲಿ ನಮ್ಮ ಭಾಷೆ ಕೂತಿದೆ.

ಎರಡನೆಯದು ಇಂದ್ರಜಾಲದ್ದೇ. ಅದರ 123 ಮತ್ತು 124ನೇ ಸಂಚಿಕೆ ಯಾರ ಹತ್ತಿರವೂ ಇಲ್ಲ. ಎಷ್ಟೇ ರದ್ದಿ ಅಂಗಡಿ ತಿರುಗಿದರೂ ಸಿಗುವುದಿಲ್ಲ. ಯಾಕೆಂದರೆ ಆಗ ಪತ್ರಿಕಾ ಕಚೇರಿಯಲ್ಲಿ ಮುಷ್ಕರ ನಡೆದು ಅವು ಅಚ್ಚೇ ಆಗಲಿಲ್ಲ. ಎಣಿಕೆಯಲ್ಲಿ ಮಾತ್ರ ಉಳಿದವು.

ಅಂದರೆ ಕಳೆದ ಕಂತುಗಳೆಲ್ಲ ಒಂದೇ ಥರ ಅಲ್ಲ. ಕೆಲವು ಯಾರದೋ ನೋಟ್‌ಬುಕ್ಕಿನ ಕವರ್ ಆಗಿರುತ್ತವೆ, ಹುಡುಕಿದರೆ ಸಿಗುತ್ತವೆ. ಕೆಲವು ಬೇರೆ ಭಾಷೆಯಲ್ಲಿ, ಬೇರೆ ಊರಲ್ಲಿ ಇರುತ್ತವೆ. ಇನ್ನು ಕೆಲವು ಅಚ್ಚೇ ಆಗಿರುವುದಿಲ್ಲ. ಅವು ಬೇಕೆಂದರೆ ಅಲ್ಲಿದ್ದ ಮನುಷ್ಯನನ್ನೇ ಹೋಗಿ ಕೇಳಬೇಕು.

ನನ್ನ ಕೆಲಸದಲ್ಲಿ ಮೂರನೇ ಥರದವೇ ಜಾಸ್ತಿ. 2022ರ ಹಂಗಾಮಿನಲ್ಲಿ ನಮ್ಮ ಜಿಲ್ಲೆಯ ತೊಗರಿಗೆ ನೆಟೆ ರೋಗ ಬಿತ್ತು. ಹೂ, ಕಾಯಿ ಹಿಡಿಯುವ ಹೊತ್ತಿಗೆ ನಿಂತ ಬೆಳೆ ನಿಂತಲ್ಲೇ ಒಣಗಿತು. ನಾನು ಒಬ್ಬ ಅಜ್ಜಿಯ ಹೊಲಕ್ಕೆ ಹೋಗಿ ಫೋಟೋ ತೆಗೆದು ಕಳಿಸಿದೆ. ಒಂದು ಕಾಲಂ ಸುದ್ದಿ ಬಂತು. ಆಮೇಲೆ ಪರಿಹಾರ ಘೋಷಣೆಯಾಯಿತು, ಅದೂ ಬಂತು. ಆ ಅಜ್ಜಿಗೆ ಏನಾಯಿತು ಅನ್ನುವುದು ಬರಲಿಲ್ಲ, ಯಾಕೆಂದರೆ ನಾನು ಬರೆಯಲಿಲ್ಲ. ಚಹಾದಂಗಡಿಯಲ್ಲಿ ಯಾರೋ “ಆ ಮುದುಕೀದು ಮುಂದ ಏನಾತ್ರಿ ಸರ?” ಅಂತ ಕೇಳಿದರು. ನನಗೆ ಗೊತ್ತಿರಲಿಲ್ಲ. ಓದುಗರಿಗೆ ಕೊನೆಯ ಚೌಕದ ಅಪಾಯ ತೋರಿಸಿ, ಮುಂದಿನ ವಾರ ನಾನೇ ಕಾಣೆಯಾಗಿದ್ದೆ.

ಕಳೆದ ವರ್ಷ ಅವ್ವನ ಕಣ್ಣಿನ ಆಪರೇಷನ್ ಆಯಿತು. ಅಣ್ಣ ಬಂದ. ಹನ್ನೆರಡು ವರ್ಷದ ಮೇಲೆ, ಜೊತೆಗೆ ಒಂಬತ್ತು ವರ್ಷದ ಮಗ. ಎರಡು ದಿನ ನಾವಿಬ್ಬರೂ ಔಷಧಿ, ಊಟ, ಬಸ್ಸಿನ ಟೈಮು ಬಿಟ್ಟು ಬೇರೆ ಮಾತಾಡಲಿಲ್ಲ. ಮೂರನೇ ರಾತ್ರಿ ಅಂಗಳದಲ್ಲಿ ಹಾಸಿಗೆ ಹಾಸಿದಾಗ ನಾನು ಒಳಗಿಂದ ಆ ಪುಸ್ತಕ ತಂದು ಅವನ ಮುಂದೆ ಇಟ್ಟೆ.

“ಬುರುಡಿ ಅಪ್ಪಂದಲ್ಲಣ್ಣ. ಕೊಂದವಂದು.”

ಅವನು ಮೊಬೈಲ್ ಬೆಳಕು ಹಿಡಿದು ಒಂದೊಂದೇ ಚೌಕ ನೋಡಿದ. ಆಮೇಲೆ ಅಂದ, “ನನಗ ಗೊತ್ತಿತ್ತು. ಆ ನೋಟ್‌ಬುಕ್ಕಿನ ರಟ್ಟಿಗೆ ನೀರು ಹಚ್ಚಿ ಬಿಡಿಸಿ ಓದಿದ್ದೆ.”

“ಮತ್ತ ನನಗ ಯಾಕ ಹಂಗ ಹೇಳ್ದಿ?”

“ನೀ ಸಣ್ಣಾವ ಇದ್ದಿ. ಕೊಂದವನ ಬುರುಡಿ ಮನ್ಯಾಗ ಇಟಗೊಂಡು ಯಾರರ ಬಾಳೇ ಮಾಡ್ತಾರೇನು? ನನಗ ಅದು ಸೇರಲಿಲ್ಲ. ಬದಲ ಮಾಡ್ದೆ.”

ಇಬ್ಬರೂ ಸುಮ್ಮನಾದೆವು. ಹೊಲದ ಮಾತು ಯಾರೂ ಎತ್ತಲಿಲ್ಲ, ಆದರೆ ಅದೇ ನಮ್ಮ ನಡುವೆ ಕೂತಿತ್ತು. ನಾನು ಕೇಳಿದೆ, “ಇಷ್ಟು ವರ್ಷ ಏನೇನಾತು?”

ಅವನು ಹೇಳಿದ. ಎರಡು ಸಲ ಕಟ್ಟಡದ ಮೇಲಿಂದ ಬಿದ್ದದ್ದು. ಮೊದಲ ಕೂಸು ಉಳಿಯಲಿಲ್ಲ ಅನ್ನುವುದು. ಇದು ಅವ್ವನಿಗೂ ಗೊತ್ತಿರಲಿಲ್ಲ. ಆಮೇಲೆ 2020ರ ಲಾಕ್‌ಡೌನ್.

ಆ ಮೇ ತಿಂಗಳಲ್ಲಿ ನಾನು ಹಿರೋಳಿ ಗಡಿಯಲ್ಲಿದ್ದೆ. ಮಹಾರಾಷ್ಟ್ರದಿಂದ ಮರಳುವ ನಮ್ಮ ಜನರ ಸಾಲು, ಸೇವಾ ಸಿಂಧು ಪಾಸಿಗಾಗಿ ಪರದಾಟ, ಶಾಲೆಗಳಲ್ಲಿ ಕ್ವಾರಂಟೈನ್, ಎಲ್ಲ ಬರೆದೆ. ಹೆಗಲ ಮೇಲೆ ಕೂಸು ಹೊತ್ತವರ ಫೋಟೋ ತೆಗೆದೆ. ಗುರುತಿಲ್ಲದ ಎಷ್ಟೋ ಜನರನ್ನು “ಎಲ್ಲಿಂದ ಬಂದ್ರಿ, ಊಟ ಆತೇನ್ರಿ” ಅಂತ ಕೇಳಿದೆ.

“ಅಕ್ಕಲಕೋಟದ ತನಕ ಬಂದಿದ್ದೆ” ಅಂದ ಅಣ್ಣ. “ಲಾರ್‍ಯಾಗ ಬಂದೆ, ಹೆಂಡ್ತಿ, ಕೂಸು ಕರಕೊಂಡು. ಮುಂದ ಗಡಿ ಬಂದ್ ಅಂದ್ರು. ಪಾಸ್ ಇರ್ಲಿಲ್ಲ. ಎರಡು ದಿನ ಕೂತು ಹೊಳ್ಳಿ ಹೋದೆ.”

ಯಾವ ತಾರೀಕು ಅಂತ ಕೇಳಿದೆ. ಅವನಿಗೆ ನೆನಪಿರಲಿಲ್ಲ.

“ಫೋನ್ ಯಾಕ ಮಾಡ್ಲಿಲ್ಲ?”

“ನೀ ಮಾಡಿದ್ದೇನು?”

ಅದಕ್ಕೆ ನನ್ನಲ್ಲಿ ಉತ್ತರ ಇರಲಿಲ್ಲ, ಈಗಲೂ ಇಲ್ಲ. ಊರ ಜನರ ಸುದ್ದಿ ಮಾಡುವವನು ನಾನು. ಅಣ್ಣ ಎಲ್ಲಿದ್ದಾನೆ ಅಂತ ಆ ಎರಡು ತಿಂಗಳು ಒಂದು ಸಲವೂ ಕೇಳಿರಲಿಲ್ಲ. ಆ ಕಂತು ಕಳೆದುಹೋಗಿರಲಿಲ್ಲ. ಕೇಳುವವರಿಲ್ಲದೆ ಅಚ್ಚಾಗಿರಲಿಲ್ಲ.

ಅಣ್ಣ ಇನ್ನೂ ಊರಲ್ಲಿದ್ದಾಗಲೇ, ಒಂದು ಬೆಳಿಗ್ಗೆ ಬೈಕ್ ತೆಗೆದು ಆ ನೆಟೆ ರೋಗದ ಅಜ್ಜಿಯ ಊರಿಗೆ ಹೋದೆ. ಸುದ್ದಿ ಮಾಡಲು ಅಂತ ಹೋದದ್ದಲ್ಲ. ಒಂದು ಎತ್ತು ಮಾರಿದ್ದಳು. ಮೊಮ್ಮಗ ಪುಣೆಗೆ ಹೋಗಿದ್ದ. ಪರಿಹಾರದ ದುಡ್ಡು ಖಾತೆಗೆ ಬಂದು ಬೀಜ, ಗೊಬ್ಬರದ ಸಾಲಕ್ಕೆ ಹೋಗಿತ್ತು. ತನ್ನ ಫೋಟೋ ಪೇಪರಿನಲ್ಲಿ ಬಂದದ್ದು ಆಕೆಗೆ ಗೊತ್ತೇ ಇರಲಿಲ್ಲ. ಮೊಬೈಲಿನಲ್ಲಿ ತೋರಿಸಿದೆ. ನೋಡಿ, “ಹೋದ ಸಲ ಚಾ ಕುಡೀದ ಹ್ವಾದಿ. ಈ ಸಲ ಕುಡ್ದು ಹೋಗಪ್ಪ” ಅಂದಳು. ಈಗ ನನ್ನ ಡೈರಿಯ ಹಿಂದಿನ ಪುಟಗಳಲ್ಲಿ ಹೆಸರುಗಳ ಒಂದು ಪಟ್ಟಿ ಇದೆ. ತಿಂಗಳಿಗೆ ಒಬ್ಬರ ಮನೆಗಾದರೂ ಹೋಗಿ ಮುಂದೆ ಏನಾಯಿತು ಅಂತ ಕೇಳುತ್ತೇನೆ. ಪತ್ರಿಕೆ ಹಾಕದಿದ್ದರೆ ನಮ್ಮ ಈ ಬ್ಲಾಗಿನಲ್ಲಿ ಹಾಕುತ್ತೇವೆ. ನೀವು ಓದಿದ ಯಾವುದಾದರೂ ಸುದ್ದಿಯ ಮುಂದಿನ ಕಂತು ಬೇಕಿದ್ದರೆ ನಮಗೆ ತಿಳಿಸಿ. ಹಾಗೆಯೇ, ಮನೆಯ ಹಳೇ ಪುಸ್ತಕ ರದ್ದಿಗೆ ಹಾಕುವ ಮೊದಲು ಕವರ್ ಬಿಚ್ಚಿ ಒಳಗೇನಿದೆ ನೋಡಿ.

ಅಣ್ಣ ಹೊರಡುವ ಹಿಂದಿನ ರಾತ್ರಿ ಅವನ ಮಗ ಆ ಇಂದ್ರಜಾಲ ಪುಸ್ತಕ ಹಿಡಿದು ಕೂತಿದ್ದ. ಅವನು ಓದುವುದು ಮರಾಠಿ ಶಾಲೆಯಲ್ಲಿ. ಮನೆಯಲ್ಲಿ ಕನ್ನಡ ಮಾತಾಡುತ್ತಾನೆ, ಓದಲು ಬರುವುದಿಲ್ಲ. ಇಂಗ್ಲಿಷೂ ಅಷ್ಟಕ್ಕಷ್ಟೇ. ಚಿತ್ರ ನೋಡಿ ನನ್ನನ್ನು ಕೇಳಿದ, “ಕಾಕಾ, ಈ ಬುರುಡಿ ಯಾರದು?”

ನಾನು ಅಣ್ಣನ ಮುಖ ನೋಡಿದೆ.

“ಅವರಪ್ಪನ್ನ ಕೊಂದಾವಂದು” ಅಂದ ಅಣ್ಣ. ಹುಡುಗ ಕಣ್ಣು ದೊಡ್ಡದು ಮಾಡಿದ. ಅಣ್ಣ ಅವನನ್ನು ಹತ್ತಿರ ಎಳೆದುಕೊಂಡು ಮುಂದುವರಿಸಿದ, “ಮುಂದ ಏನಾತಂದ್ರ, ಆಣಿ ಮಾಡಿದ ಮ್ಯಾಲ ಆ ಬುರುಡಿ ಒಯ್ದು ಹೊಳ್ಯಾಗ ಬಿಟ್ಟುಬಂದ. ಬಿಟ್ಟುಬಂದು, ಕೈಕಾಲು ತೊಳಕೊಂಡು ರೊಟ್ಟಿ ತಿಂದ.”

ಅದು ಪುಸ್ತಕದಲ್ಲಿ ಇಲ್ಲ. ನಾನು ತಿದ್ದಲು ಹೋಗಲಿಲ್ಲ. ಅವರ ಪಕ್ಕದಲ್ಲೇ ಚಾಪೆ ಎಳೆದುಕೊಂಡು ಮುಂದಿನದನ್ನು ಕೇಳುತ್ತ ಮಲಗಿದೆ.